ಉತ್ತರ ಕೊಡದ ಡಿಸ್ಕ್

ಬಸ್ಸಿನ ಸಾಲಿನಲ್ಲಿ ಮುಂದೆ ನಿಂತಿದ್ದ ಇಬ್ಬರು ಸಹೋದ್ಯೋಗಿಗಳ ಮಾತು, ಬೇಡವೆಂದರೂ ದರ್ಜಿಯಮ್ಮನ ಕಿವಿಗೆ ಬೀಳುತ್ತಿತ್ತು.

“ಇವತ್ತೂ ಸರ್ವರ್ ಗರ ಬಡಿದ ಹಾಗೆ ನಿಂತುಬಿಡ್ತಲ್ಲೋ!”

“ಎಲ್ಲೆಲ್ಲಿಂದಲೋ ಅಷ್ಟೊಂದು ಡಿಸ್ಕ್ ಅದಕ್ಕೆ ಜೋಡಿಸಿದಾರೆ ಅಕ್ಕ. ಅದರಲ್ಲಿ ಒಂದು ಉತ್ತರ ಕೊಡದಿದ್ರೂ ಸರ್ವರ್ ಅದಕ್ಕೇ ಕಾಯ್ತಾ ಕೂರುತ್ತೆ.”

“ಯಾವುದು ಕೊಡ್ತಿಲ್ಲ?”

“ತೀರಿಕೊಂಡ ನಮ್ಮ ಗುಂಡಣ್ಣಂದು. ತನ್ನ ಮನೆ ಕಂಪ್ಯೂಟರನ್ನೇ ಆಫೀಸ್ ಸರ್ವರಿಗೆ ಸೇರಿಸಿಬಿಟ್ಟಿದ್ದ. ಅಲ್ಲಿ ಕರೆಂಟ್ ಹೋದ್ರೆ ಇಲ್ಲಿ ಎಲ್ಲ ಸ್ತಬ್ಧ.”

“ಕಿತ್ತು ಹಾಕೋ ಮತ್ತೆ! ಫೈಲೆಲ್ಲ ಕಾಪಿ ಮಾಡ್ಕೊಂಡಿದೀಯಲ್ಲ?”

“ಮಾಡ್ಕೊಂಡಿದೀನಿ. ಆದ್ರೆ ಕರೆಂಟ್ ಬಂದ ತಕ್ಷಣ ಗುಂಡಣ್ಣನ ಹೆಂಡತಿ, ಅತ್ತಿಗೆ, ಫೋನ್ ಮಾಡ್ತಾರೆ. ‘ಕಂಪ್ಯೂಟರ್ ಆನ್ ಮಾಡಿದೀನಪ್ಪ, ನಿಮ್ಮಣ್ಣ ಆಫೀಸ್ ತಲುಪಿದ್ರಾ?’ ಅಂತಾರೆ.”

“ನೀನೇನಂತೀಯ?”

“ಹೂಂ ಅತ್ತಿಗೆ, ತಲುಪಿದ್ರು ಅಂತೀನಿ.”

ಬಸ್ಸು ಬಂತು. ಅಕ್ಕ ಹತ್ತುತ್ತಾ, ಹಿಂದೆ ತಿರುಗದೆಯೇ ಹೇಳಿದಳು:

“ಇರಲಿ ಬಿಡೋ. ಸರ್ವರ್ ಕಾದ್ರೆ ಕಾಯಲಿ.”