ಮರಕ್ಕೆ ಕಿವಿಗೊಟ್ಟವನು

ಮಾನ್ಯ ಅಧ್ಯಕ್ಷರಾದ ಗಂಟಲು ಡಾಕ್ಟರೇ, ಈ ಶಿಬಿರವನ್ನು ಕಟ್ಟಿ ಬೆಳೆಸಿದ ನಮ್ಮ ನಾಟಕದ ಮೇಷ್ಟ್ರೇ, ವೇದಿಕೆಯ ಮೇಲಿರುವ ಗಣ್ಯರೇ, ಮಣ್ಣು ಮೆತ್ತಿದ ಕಾಲಲ್ಲೇ ಬಂದು ಕೂತಿರುವ ಶಿಬಿರದ ಗೆಳೆಯರೇ, ವಾರ್ಷಿಕೋತ್ಸವಕ್ಕೆಂದು ಬಿಡುವು ಮಾಡಿಕೊಂಡ ಸಭಿಕರೇ,

ಮೊದಲು ಒಂದು ಲೋಟ ನೀರು ಕುಡಿಯಲು ಅಪ್ಪಣೆ ಕೊಡಿ.

ಹೆದರಿ ನೀರು ಕೇಳಿದ ಎಂದು ನಿಮಗೆ ಅನ್ನಿಸಿರಬಹುದು. ಇದು ಸಭಾಕಂಪನವಲ್ಲ. ದಿಮ್ಮಿ ಸೀಳುವ ಗರಗಸದ ಮುಂದೆ ಆಯುಷ್ಯ ಕಳೆದವನಿಗೆ ಸಭೆಯ ಹೆದರಿಕೆ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತಿನ ಹಿಂದೆ ಅಧ್ಯಕ್ಷರು ಇದೇ ಮೈಕಿನಲ್ಲಿ ಆಡಿದ ಮಾತಿನಿಂದ ನನ್ನ ಕಾಲ ಕೆಳಗಿನ ನೆಲವೇ ಕುಸಿದಿದೆ. ಬರೆದುಕೊಂಡು ಬಂದ ಭಾಷಣ ಜೇಬಿನಲ್ಲಿದೆ. ಅದು ಅಲ್ಲೇ ಇರಲಿ. ನನ್ನ ಮಾತು ದಾರಿ ತಪ್ಪಿದರೆ ಮೇಷ್ಟ್ರು ಚಪ್ಪಾಳೆ ತಟ್ಟಿ ಎಚ್ಚರಿಸಬೇಕು. ದಯವಿಟ್ಟು ಬಲಗಡೆ ನಿಂತು ತಟ್ಟಿ, ಎಡಕಿವಿಗೆ ತಟ್ಟಿದರೂ ಒಂದೇ ತಟ್ಟದಿದ್ದರೂ ಒಂದೇ.

ನನಗೆ ಒಪ್ಪಿಸಿದ್ದ ಕೆಲಸ ಸುಲಭದ್ದು. ನಮ್ಮ ಶಿಬಿರದ ಹಳೆಯ ಮರಕ್ಕೆ ಪರದೆಯ ಮರೆಯಿಂದ ದನಿಯಾಗಿದ್ದವರಿಗೆ ಹೂಗುಚ್ಛ ಕೊಟ್ಟು ನಾಲ್ಕು ಮಾತಾಡಬೇಕಿತ್ತು. ಆ ದನಿ ಯಾರದೆಂದು ಹೇಳುವ ಪದ್ಧತಿ ಇಲ್ಲಿಲ್ಲ. ಅವರು ಇವತ್ತು ಆ ಪಾತ್ರ ಬಿಡುತ್ತಿದ್ದಾರೆ, ಆದ್ದರಿಂದ ಪರದೆ ಸರಿಸುತ್ತೇವೆ ಎಂದರು ಅಧ್ಯಕ್ಷರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ಕಕ್ಕಾಬಿಕ್ಕಿಯಾಗಿ ನಿಂತೆ. ಬಂದವಳು ನನ್ನ ಹೆಂಡತಿ.

ಹೌದು, ಮೇಷ್ಟ್ರೇ. ನಿಮಗೆ ಗೊತ್ತಿರಲಿಲ್ಲ ಎಂದು ನಿಮ್ಮ ಮುಖವೇ ಹೇಳುತ್ತಿದೆ. ಹೇಗೆ ಗೊತ್ತಿರಬೇಕು? ಇಲ್ಲಿ ಗೇಟಿನಲ್ಲೇ ಚಪ್ಪಲಿಯನ್ನೂ ಹೆಸರನ್ನೂ ಬಿಟ್ಟು ಬರಬೇಕು ಎಂಬ ನಿಯಮ ಮಾಡಿದವರು ನೀವೇ. ನಿಮಗೆ ನಾನು ‘ಬಂಡೆ’, ಅವಳು ‘ಮರ’. ಬಂಡೆಗೂ ಮರಕ್ಕೂ ಮದುವೆಯಾಗಿ ಮೂವತ್ತು ವರ್ಷವಾಗಿದೆ ಎಂದು ಯಾರು ತಾನೇ ಊಹಿಸಿಯಾರು?

ನಾನು ಇಲ್ಲಿಗೆ ಮೊದಲು ಬಂದದ್ದು ನಮ್ಮ ಮರದ ಮಿಲ್ಲಿನಿಂದ ಈ ಸಭಾಂಗಣಕ್ಕೆ ಹಲಗೆ ಇಳಿಸಲು. ಬಯಲಿನಲ್ಲಿ ಆ ಮರ ಕಂಡಿತು. ನಿಜ ಹೇಳುತ್ತೇನೆ, ಕೈಮುಗಿಯುವ ಮೊದಲು ಎಷ್ಟು ಹಲಗೆ ಬಂದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕಾಂಡ ತಟ್ಟಿ ನೋಡಿದೆ, ಟೊಳ್ಳು. ನಮಗೆ ಪ್ರಯೋಜನವಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಮೇಷ್ಟ್ರು ಬಂದು, ‘ಲಾರಿ ಖಾಲಿ ಆಗೋವರೆಗೆ ಕೂತ್ಕೊಳ್ಳಿ’ ಎಂದರು. ಲಾರಿ ಹೋಯಿತು, ನಾನು ಉಳಿದೆ. ಅವತ್ತಿನಿಂದ ತಿಂಗಳು ತಪ್ಪದೆ ಬಂದಿದ್ದೇನೆ.

ಹೊಸಬರಿಗಾಗಿ ಹೇಳುತ್ತೇನೆ. ಇಲ್ಲಿ ಬೆಳಿಗ್ಗೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುತ್ತೇವೆ. ಒಂದು ಹಿಡಿ ಮಣ್ಣು ಕೈಯಲ್ಲಿ ಹಿಡಿದು ಅದು ಬೆಚ್ಚಗಾಗುವ ತನಕ ಸುಮ್ಮನೆ ಕೂರುತ್ತೇವೆ. ಆಮೇಲೆ ನಾಟಕ. ಒಬ್ಬರು ನದಿ, ಒಬ್ಬರು ಮೋಡ. ಕರೆದಾಗ ಏಳುವ ಪಾತ್ರ ಕೊಟ್ಟರೆ ಇವನು ಕೇಳಿಸದೆ ಕೂತೇ ಇರುತ್ತಾನೆಂದು ತಿಳಿದು ಮೇಷ್ಟ್ರು ನನ್ನನ್ನು ಬಂಡೆ ಮಾಡಿದರು. ನನ್ನ ಅಭಿನಯವನ್ನು ಎಲ್ಲರೂ ಹೊಗಳಿದ್ದಾರೆ.

ಕೊನೆಗೆ ಒಬ್ಬೊಬ್ಬರೇ ಮರದ ಹತ್ತಿರ ಹೋಗಬೇಕು. ಮನುಷ್ಯರಿಗೆ ಹೇಳಲಾಗದ್ದನ್ನು ಪೊಟರೆಗೆ ಬಾಯಿಟ್ಟು ಹೇಳಬೇಕು, ಆಮೇಲೆ ಕಾಂಡಕ್ಕೆ ಕಿವಿಯಿಡಬೇಕು. ನಮ್ಮ ಕಣ್ಣಿಗೆ ಬೀಳದಂತೆ ಹಿಂದಿನ ದಾರಿಯಿಂದ ಬಂದು ಆಚೆ ಬದಿಯ ಪರದೆಯ ಮರೆಯಲ್ಲಿ ಕೂತವರು ಮರದ ಪರವಾಗಿ ಮಾತಾಡುತ್ತಾರೆ. ಮರ ಬುದ್ಧಿ ಹೇಳುವಂತಿಲ್ಲ, ಪ್ರಶ್ನೆ ಕೇಳಬಹುದು ಅಷ್ಟೆ.

ನಾವು ಮಿಲ್ಲಿನವರು ದಿಮ್ಮಿಯ ಒಂದು ತುದಿಗೆ ಕಿವಿಯಿಟ್ಟು ಇನ್ನೊಂದು ತುದಿಗೆ ಸುತ್ತಿಗೆಯಿಂದ ಬಡಿಸಿ ಅದರ ಒಳಗನ್ನು ತಿಳಿಯುವವರು. ಗಾಳಿಯಲ್ಲಿ ಬಂದ ಮಾತು ನನಗೆ ಅರ್ಧಂಬರ್ಧ. ಮರದಲ್ಲಿ ಬಂದ ಮಾತು ಸ್ಪಷ್ಟ. ಆ ದನಿ ಮೊದಲ ಸಲ ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಎಷ್ಟು ಮೆಲ್ಲಗಿನ ದನಿ, ಎಷ್ಟು ಸಮಾಧಾನ.

‘ಮನೇಲಿ ನನ್ನ ಹತ್ರ ಮಾತಾಡೋರೇ ಇಲ್ಲ’ ಎಂದಿದ್ದೆ.

‘ಹೆಂಡತಿ ಇಲ್ವಾ?’ ಎಂದಿತು ಮರ.

‘ಇದ್ದಾಳೆ. ಮೊದಲೆಲ್ಲ ಕಿರುಚ್ತಿದ್ದಳು. ಈಗ ಅದೂ ನಿಂತಿದೆ. ಏನು ಕೋಪವೋ.’

‘ಯಾಕೆ ಅಂತ ಕೇಳಿದ್ರಾ?’

‘ಕೇಳಿ ಏನು ಮಾಡ್ಲಿ, ಉತ್ತರ ಕೇಳಿಸಬೇಕಲ್ಲ?’ ಎಂದು ನಾನೇ ನಕ್ಕೆ. ಮರ ನಗಲಿಲ್ಲ.

ಈಗ ಅಧ್ಯಕ್ಷರು ಏನು ಹೇಳಿದರು, ನೆನಪಿಸಿಕೊಳ್ಳಿ. ‘ಇವರ ಮನೆಯವರಿಗೆ ಕಿವಿ ಮಂದ. ವರ್ಷಗಟ್ಟಲೆ ಕೂಗಿ ಕೂಗಿ ಇವರ ಗಂಟಲು ಕೆಟ್ಟಿತ್ತು. ಇನ್ನು ಕೂಗಿದರೆ ದನಿಯೇ ಹೋಗುತ್ತದೆ ಎಂದು ನಾನೇ ಇವರನ್ನು ಮೇಷ್ಟ್ರ ಬಳಿ ಕಳಿಸಿದೆ. ಮೆಲ್ಲಗೆ ಮಾತಾಡುವ ಪಾತ್ರ ಇದೊಂದೇ ಇತ್ತು.’ ಡಾಕ್ಟರೇ, ಆ ಮನೆಯವರು ನಾನು. ಕಿವಿಯಂತ್ರ ಹಾಕಿದರೆ ಮುದುಕ ಎನ್ನುತ್ತಾರೆಂದು ಅದನ್ನು ಬೀರುವಿನಲ್ಲಿಟ್ಟಿರುವ ಮಹಾನುಭಾವ ನಾನೇ. ಅವಳಿಗೆ ಗಂಟಲು ಕೆಟ್ಟದ್ದು ನನಗೆ ನಿಮ್ಮ ಮೈಕಿನಿಂದ ತಿಳಿಯಬೇಕಾಯಿತೇ?

ಅವಳು ಮುಚ್ಚಿಟ್ಟಳು ಎಂದು ಯಾರೂ ಭಾವಿಸಬೇಡಿ. ಅವಳು ಹೇಳಿಯೇ ಇರುತ್ತಾಳೆ. ಡಾಕ್ಟರ ಹತ್ತಿರ ಹೋಗುವಾಗ ಹೇಳಿರುತ್ತಾಳೆ, ಇಲ್ಲಿಗೆ ಬರುವಾಗಲೂ ಹೇಳಿರುತ್ತಾಳೆ. ಕೇಳಿಸದವರಿಗೆಲ್ಲ ಒಂದು ಚಟವಿದೆ. ಎದುರಿನವರ ತುಟಿ ನಿಂತ ಕೂಡಲೇ ನಾವು ಕೋಲೆ ಬಸವನಂತೆ ತಲೆಯಾಡಿಸಿ ‘ಹೂಂ’ ಅನ್ನುತ್ತೇವೆ. ಇವತ್ತು ಬೆಳಿಗ್ಗೆಯೂ ಅವಳು ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಹೂಂ ಎಂದು ಹೊರಟು ಬಂದೆ.

ಆದರೆ ದನಿ ಗುರುತು ಸಿಗಲಿಲ್ಲವೇ ಎನ್ನುತ್ತೀರಿ. ಅದೇ ನನ್ನನ್ನು ಕೊಲ್ಲುತ್ತಿದೆ. ಇಷ್ಟು ವರ್ಷ ನಾನು ಕೇಳಿದ್ದು ಅವಳ ಕೂಗನ್ನು. ಅವಳ ಮೆಲುದನಿ ಹೇಗಿರುತ್ತದೆ ಎಂದೇ ನನಗೆ ಮರೆತುಹೋಗಿತ್ತು. ಬೆಣ್ಣೆ ಅಂಗೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಗಾದೆ ಹೇಳಿ ನಗುತ್ತಿದ್ದವನು ನಾನು. ಅಲೆದು ಅಲೆದು ಅದೇ ಬೆಣ್ಣೆಯ ಹತ್ತಿರ ಬಂದು, ಮನೆಯಲ್ಲಿ ಬೆಣ್ಣೆಯಿಲ್ಲ ಎಂದು ದೂರಿದ್ದೇನೆ.

ಏನೇನು ಹೇಳಿದ್ದೇನೆ ಆ ಮರಕ್ಕೆ. ಗರಗಸದ ದನಿ ಬದಲಾದರೆ ನನಗೀಗ ಕೇಳಿಸುವುದಿಲ್ಲ, ಎಂದಾದರೂ ಕೈ ಹೋಗುತ್ತದೆಂದು ಹೆದರಿಕೆ ಎಂದೆ. ಮಿಲ್ಲಿನಲ್ಲಿ ಜೊತೆಗಿರುವ ತಮ್ಮನಿಗೂ ಅದನ್ನು ಹೇಳಿರಲಿಲ್ಲ. ಇನ್ನೊಂದು ದಿನ, ‘ನಿನ್ನಂಥೋರು ಮನೇಲಿದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ’ ಎಂದೆ. ಇದನ್ನು ಅವಳು ಕೂತು ಕೇಳಿದ್ದಾಳೆ. ಸಂಜೆ ಮನೆಗೆ ಬಂದು ಊಟ ಬಡಿಸಿದ್ದಾಳೆ.

ಹೋದ ತಿಂಗಳು ಕೇಳಿದ್ದೇ ಕೊನೆಯದು. ‘ಮಿಲ್ಲು ತಮ್ಮನಿಗೆ ಬಿಟ್ಟು, ಮನೆನೂ ಬಿಟ್ಟು ಇಲ್ಲೇ ಇದ್ದುಬಿಡ್ಲಾ?’ ಎಂದೆ. ಕಾಂಡಕ್ಕೆ ಕಿವಿಯಿಟ್ಟು ಬಹಳ ಹೊತ್ತು ನಿಂತೆ. ಮರ ಮಾತಾಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಖುಷಿಯಾಗಿ ಹೊರಟೆ. ಅದೇ ದಿನ ಇವಳು ‘ಇನ್ನು ಈ ಪಾತ್ರ ನನ್ನಿಂದಾಗಲ್ಲ’ ಅಂದಳು ಎಂದು ಅಧ್ಯಕ್ಷರು ಈಗ ಹೇಳಿದರು. ಆ ಮೌನ ಏನೆಂದು ನನಗೆ ಈಗ ಅರ್ಥವಾಗುತ್ತಿದೆ. ಜೇಬಿನಲ್ಲಿರುವ ಭಾಷಣ ಅದೇ, ನಾನು ಮನೆ ಬಿಟ್ಟು ಇಲ್ಲಿ ನೆಲೆಸುವ ಘೋಷಣೆ. ಮರದ ದನಿಯ ಮುಖ ನೋಡಿ ಹೇಳಬೇಕೆಂದು, ಹೂಗುಚ್ಛ ಕೊಡುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ.

ಸಭಿಕರೇ, ಹೂಗುಚ್ಛ ಕೊಡುವಾಗ ಅವಳು ಏನೋ ಹೇಳಿದಳು. ನಿಮ್ಮ ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ನಾನೇನು ಮಾಡಿದೆ ಗೊತ್ತೇ? ಹೂಂ ಎಂದೆ. ಇಷ್ಟಾದ ಮೇಲೂ ಹೂಂ ಎಂದೆ.

ಕ್ಷಮಿಸಿ, ಒಂದು ನಿಮಿಷ. ಇವಳೇ, ಇಲ್ಲಿ ಬಾ. ಆಗ ಏನು ಹೇಳಿದೆ? ಬೇಡ, ಕೂಗಬೇಡ, ನಿನ್ನ ಡಾಕ್ಟರು ಇಲ್ಲೇ ಕೂತಿದ್ದಾರೆ. ಈ ಮೈಕಿನ ಮೇಜು ನಮ್ಮ ಮಿಲ್ಲಿನದೇ ಹಲಗೆ. ಆ ಬದಿಗೆ ಬಾಯಿಟ್ಟು ಮೆಲ್ಲಗೆ ಹೇಳು. ನಾನು ಈ ಬದಿಗೆ ಕಿವಿಯಿಡುತ್ತೇನೆ.

ಕೇಳಿಸಿತು.

‘ಮರ ರಿಟೈರ್ ಆಯ್ತು ಕಣ್ರೀ. ಇನ್ಮೇಲೆ ಏನು ಹೇಳೋದಿದ್ರೂ ನನ್ನ ಹತ್ರಾನೇ ಹೇಳಿ’ ಅಂದಳು.

ಹೂಂ.

ಸಭಿಕರೇ, ಇದು ಕೇಳಿಸಿಕೊಂಡು ಹೇಳಿದ ಹೂಂ. ನನ್ನ ಭಾಷಣ ಮುಗಿಯಿತು. ತಾಳ್ಮೆಯಿಂದ ಕೂತ ನಿಮಗೂ, ಅಧ್ಯಕ್ಷರಿಗೂ, ಮೇಷ್ಟ್ರಿಗೂ, ಹೊರಗೆ ನಿಂತಿರುವ ಆ ಟೊಳ್ಳು ಮರಕ್ಕೂ ವಂದನೆಗಳು. ನಾವಿಬ್ಬರೂ ಈಗ ಮನೆಗೆ ಹೊರಡುತ್ತೇವೆ. ನಮಸ್ಕಾರ.