ನಾಲ್ಕನೇ ಸೈಕಲ್ಲು

ಪಂಕ್ಚರ್ ಹಾಕಿಸೋಕೆ ಸೈಕಲ್ ಅಂಗಡಿಯ ಮುಂದೆ ಕಾಯ್ತಾ ಕೂತಿದ್ದೆ. ಎದುರಿಗೆ ವ್ಯಾನ್ ಡ್ರೈವರ್ ಒಬ್ಬ, ಪಕ್ಕದಲ್ಲಿ ನಿಂತಿದ್ದ ಯಜಮಾನರೊಬ್ಬರ ಮೂರು ಸೈಕಲ್ಲುಗಳನ್ನು ವ್ಯಾನಿನೊಳಗೆ ನಿಲ್ಲಿಸಿ ಹಗ್ಗ ಬಿಗಿಯುತ್ತಿದ್ದ. ಒಂದರ ಹ್ಯಾಂಡಲ್ ಮುಂದಕ್ಕೆ, ಪಕ್ಕದ್ದರದು ಹಿಂದಕ್ಕೆ, ನಡುವೆ ಹಳೇ ಕಂಬಳಿ.

"ಅಲ್ಲಾಡ್ತಾವೆ ಯಜಮಾನ್ರೇ. ಆ ಕಡೆ ಹಲ್ಲು ಬಿದ್ದ ಬಾಯಿ ಥರ ಜಾಗ ಉಳೀತು."

"ಇನ್ನೊಂದು ಕಂಬಳಿ ತುರುಕಿ."

"ಕಂಬಳಿ ಎಲ್ಲಿ ತಡೆಯುತ್ತೆ? ಗೋಡೆಗೆ ಒರಗಿಸಿರೋದೂ ನಿಮ್ದೇ ತಾನೆ? ಅದನ್ನೂ ಸೇರಿಸಿದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ."

"ಅದು ನಂದು. ನಾನು ಇಲ್ಲೇ ಇರ್ತೀನಲ್ಲ."

"ಮನೆಯವರು, ಮಕ್ಕಳು?"

"ಹೋಗಿ ಮೂರು ತಿಂಗಳಾಯ್ತು. ಬರ್ತಾರೆ ಅಂತ ವಾರಕ್ಕೊಮ್ಮೆ ಗಾಳಿ ಹೊಡೆದಿಡ್ತಿದ್ದೆ. ಈಗ ಸೈಕಲ್ ಕಳಿಸಿ ಅಂದ್ರು."

ಡ್ರೈವರ್ ಹಾಕಿದ್ದ ಗಂಟನ್ನೇ ಬಿಚ್ಚಿ ಮತ್ತೆ ಹಾಕಿದ. ಸ್ವಲ್ಪ ಹೊತ್ತಿಗೆ ಯಜಮಾನರೇ ಅಂದರು.

"ಪೆಡಲ್ ತಗುಲಿ ಬಣ್ಣ ಹೋದ್ರೆ ಚಿಕ್ಕವಳು ಸುಮ್ನಿರಲ್ಲ. ನಂದೂ ಹಾಕ್ಬಿಡಿ, ಒತ್ತಾಸೆಗಿರಲಿ."

"ಅಲ್ಲಿ ಮೂರು ಇಳಿಸಿ, ನಿಮ್ದು ವಾಪಸ್ ತರ್ಬೇಕಾ?"

"ತನ್ನಿ."

ನನ್ನ ಪಂಕ್ಚರ್ ಆಗಲೇ ಮುಗಿದಿತ್ತು. ಆದರೂ ನಾನು ಏಳಲಿಲ್ಲ. ಡ್ರೈವರ್ ವ್ಯಾನಿನ ಬಾಗಿಲು ಹಾಕಿದ. ಯಜಮಾನರು ಅವನ ಹತ್ತಿರ ಬಂದರು.

"ನೋಡಿ, ನಾಲ್ಕೂ ಇಳಿಸಿ ಅಂತ ಅವರಾಗೇ ಅಂದ್ರೆ, ಇಳಿಸ್ಬಿಡಿ."

"ನಾನೇ ಒಂದ್ಮಾತು ಕೇಳ್ಲಾ?"

"ಬೇಡ. ನೀವಾಗಿ ಕೇಳ್ಬೇಡಿ."

ವ್ಯಾನು ಹೋಯಿತು. ಯಜಮಾನರು ಎದುರು ದಿಕ್ಕಿಗೆ ನಡೆದರು. ಸೈಕಲ್ ತುಳಿಯಲೆಂದು ಮಡಚಿದ್ದ ಪ್ಯಾಂಟಿನ ಅಂಚನ್ನು ಅವರು ಇನ್ನೂ ಬಿಡಿಸಿರಲಿಲ್ಲ.