ಬಾಳವ್ವನ ಮಗ್ಗದ ಹಲಗಿ

ಹಗಲಿನ್ಯಾಗ ಹೇಳಿದ್ರ ನಗ್ತೀರಿ. ಅದಕ ಈಗ ಹೇಳ್ತೀನಿ... ಸನೇಕ ಬರ್ರಿ.

ನನ್ನ ತಂಗಿ ಮೊಮ್ಮಗ ದುರಗೇಶ, ಗಜೇಂದ್ರಗಡದಾಗ ನನ್ನ ಮನ್ಯಾಗ ಇರಾಂವ. ಹೋದ ವರ್ಷ ಒಂದಿನ ರಾತ್ರಿ, ಊರೆಲ್ಲಾ ಮಲಗಿದ ಮ್ಯಾಲ, ಓಣಿ ಹಾಳಬಾವಿ ದಾಟಿ ಬರಾಕತ್ತಿದ್ದ. ಬಗಲಾಗ ಎರಡು ಹಲಗಿ. ಬಾವಿ ಆಚೆ ಮನಿ ಬಾಳವ್ವ ಸತ್ತು ಮೂರು ತಿಂಗಳಾಗಿತ್ತು. ಆಕಿ ಮಗ್ಗದಾಗ ಕಾಲಿಲೆ ತುಳಿಯೋ ಹಲಗಿ ಅವು.

ಬೆನ್ನ ಹಿಂದ ಸಪ್ಪಳ ಬಂತು. ಖಟಕ್... ಲಟಕ್. ಖಟಕ್... ಲಟಕ್.

ನಿಂತ. ಅದೂ ನಿಂತಿತು.

"ಯಾರದು?" ಅಂದ, ಉಸುರಿನ್ಯಾಗ.

"ಕಾಲು ತೊಳಕೊಂಡಿಯೇನಪಾ?"

ಹೆಣ್ಣುದನಿ. ಬಾವಿ ಕಟ್ಟಿ ಕಡಿಂದ. ಕಾಲು ಇಳಿಬಿಟ್ಟು ಕುಂಡ್ರೋ ಮಗ್ಗದ ಕುಣಿಗೆ ಯಾರ ಇಳಿಯಾಕ ಬಂದ್ರೂ ಬಾಳವ್ವ ಮೊದಲ ಕೇಳತಿದ್ದ ಮಾತು ಅದು.

"ಇಲ್ಲ," ಅಂದ ದುರಗೇಶ. ಓಡಿ ಬಂದ.

ಹುಡುಗ ಕಳ್ಳ ಅಲ್ರಿ. ಹೊಟ್ಟಿಕಿಚ್ಚು ಅವನ್ನ ಹಂಗ ಮಾಡಿತು. ಅವನ ಕಾಕಾನ ಮಗ ಸಿದ್ದರಾಮೇಶ ಸವಡಿ ಊರಾಗ ಇರ್ತಾನ. ಇಬ್ಬರೂ ಗಿಟಾರ್ ಬಾರಸ್ತಾರ. ಆ ಸಿದ್ದರಾಮೇಶ ಸಣ್ಣ ಸಣ್ಣ ಡಬ್ಬ್ಯಾಗ ವಾಯರ್ ಜೋಡಿಸಿ, ಒಂದು ಹಲಗಿಗೆ ಬಿಗದು, ಪೆಡಲ್ ಬೋರ್ಡ್ ಅಂತ ಮಾಡಿದ್ದ. ಒಂದು ಡಬ್ಬಿ ತುಳದ್ರ ಗಿಟಾರಿನ ದನಿ ಬಾವ್ಯಾಗ ಕೂಗಿದಂಗ ಕೇಳೂದು. ಇನ್ನೊಂದು ತುಳದ್ರ ಹರಕ ಗಂಟಲಿಲೆ ಅತ್ತಂಗ. ರೋಣದ ಉಡಚಪ್ಪ ಮಾಸ್ತರ್ ಮದುವಿಗಳಿಗೆ ಆರ್ಕೆಸ್ಟ್ರಾ ಒಯ್ಯಾಂವ. ಗಿಟಾರಿಗೆ ಒಬ್ಬಾಂವ ಸಾಕು, ಶುಕ್ರವಾರ ಇಬ್ಬರೂ ಬಾರಿಸೂದು ಕೇಳಿ ಹೇಳ್ತೀನಿ, ನರಗುಂದದ ಮದುವಿಂದ ಶುರು ಅಂತ ಹೇಳಿದ್ದ.

ಸಿದ್ದರಾಮೇಶ ಚಲೋ ಹುಡುಗ. ಅದ ದುರಗೇಶಗ ತಡಿಲಿಲ್ಲ. ಅಂವ ಪ್ರೀತಿಲೆ, "ನಿನಗೂ ಒಂದು ಮಾಡಿಕೊಡ್ಲೇನೋ ದುರಗ್ಯಾ?" ಅಂದನಂತ. ಅವತ್ತ ಇಂವ ರೊಟ್ಟಿ ಮುಟ್ಟಲಿಲ್ಲ.

ತಾನೂ ಒಂದು ಮಾಡ್ತೀನಂತ ನನ್ನ ಸಾಸಿವಿ ಡಬ್ಬಿ, ಜೀರಿಗಿ ಡಬ್ಬಿ ಎಲ್ಲಾ ಒಯ್ದ. ಸೀಸ ಕರಗಿಸಿ ಬೆಸಿಗಿ ಹಾಕಿದ. ಆ ಹೊಗಿಗೆ ನಾ ಎರಡು ದಿನ ಕೆಮ್ಮೀನಿ. ಎಲ್ಲಾ ಕೂಡಿತು, ಕೆಳಗಿನ ಪ್ಲೈವುಡ್ ಮಾತ್ರ ತುಳದಾಗೊಮ್ಮೆ ಕಿರ್ ಅನ್ನೂದು. ನಲವತ್ತು ವರ್ಷ ತುಳದ ಸಾಗವಾನಿ ಹಲಗಿ ಬೇಕು ಅಂತ ಬಾಳವ್ವನ ಸೊಸಿ ಅನ್ನಪೂರ್ಣಾನ ಕೇಳಿದ. ಆಕಿ ಇಲ್ಲ ಅನ್ನಲಿಲ್ಲ. "ಮಗ್ಗದ ಮ್ಯಾಲ ಅತ್ತಿ ಅರ್ಧ ನೇಯ್ದ ಸೀರಿ ಐತಿ ತಮ್ಮಾ. ಮುಗಿಸಿ, ಕೊಯ್ದು, ಕಾಯಿ ಒಡದ ಮ್ಯಾಲ ಒಯ್ಯಿ. ಎಂಟು ದಿನ ತಡಿ," ಅಂದ್ಳು.

ಎಂಟು ದಿನಕ್ಕ ಶುಕ್ರವಾರ ದಾಟತಿತ್ತು. ಅಷ್ಟರಾಗ ಆಕಿ ಇಟಗಿ ಊರಿಗೆ ಹೋಗುವಾಗ ಮನಿ ಕೀಲಿ ನನ್ನ ಕಡೆ ಕೊಟ್ಟಿದ್ಳು. ನನ್ನ ಗ್ವಾಡಿ ಮೊಳಿಂದ ದುರಗೇಶ ಅದನ್ನ ತಗದಾನ ಅಂತ ನನಗ ಮುಂಜಾನಿ ಗೊತ್ತಾತು. ಬೈದೆ. ವಾಪಸ್ ಇಡು ಅನ್ನಲಿಲ್ಲ ನೋಡ್ರಿ... ನನ್ನ ಹುಡುಗ ಗೆಲ್ಲಲಿ ಅಂತ ನನಗೂ ಇತ್ತು.

ಶುಕ್ರವಾರ ರೋಣಕ್ಕ ನಾನೂ ಹೋದೆ. ಮೊದಲ ಸಿದ್ದರಾಮೇಶ ಬಾರಿಸಿದ. ಆಮ್ಯಾಲ ನಮ್ಮಾಂವ, ಬಾಳವ್ವನ ಹಲಗಿ ಮ್ಯಾಲ ಡಬ್ಬಿ ಬಿಗದು. ಏನು ದನಿರೀ ಅದು... ಉಡಚಪ್ಪ ಮಾಸ್ತರ್ ಕುರ್ಚಿ ಬಿಟ್ಟು ಎದ್ದ. ದುರಗೇಶ ಓರೆಗಣ್ಣಿಲೆ ಸಿದ್ದರಾಮೇಶನ ಮಾರಿ ನೋಡಿದ. ಹೊಟ್ಟಿ ಉರಿತೈತೋ ಇಲ್ಲೋ ಅಂತ.

ಆಗ ಅವನ ಎಡಗಾಲು ತಾನ ಎದ್ದಿತು. ಬಿತ್ತು. ಬಲಗಾಲು ಎದ್ದಿತು. ಬಿತ್ತು. ಸ್ಪೀಕರಿನಿಂದ ಖಟಕ್... ಲಟಕ್. ಬಲಗೈ ತಂತಿ ಬಿಟ್ಟು, ಮಗ್ಗದ ಲಾಳಿ ಒಗದಂಗ ಅತ್ತಿಂದಿತ್ತ ಆಡಾಕತ್ತಿತು. ನಿಲ್ಲಸೋ ಅಂದೆ, ಕಾಲು ನಿಲ್ಲಲಿಲ್ಲ. ಮಾಸ್ತರ್ ಕರೆಂಟಿನ ವಾಯರ್ ಕಿತ್ತ. ಸ್ಪೀಕರ್ ಸತ್ತಿತು... ಸಪ್ಪಳ ಸಾಯಲಿಲ್ಲ.

ಎಲ್ಲಾರೂ ಹಿಂದ ಸರಿದ್ರು. ಸಿದ್ದರಾಮೇಶ ಒಬ್ಬಾಂವ ಮುಂದ ಬಂದು, ಸೊಂಟ ಹಿಡಿದು ಎತ್ತಿ ಅವನ್ನ ಹಲಗಿಂದ ಇಳಿಸಿದ. ಆಗ ನಿಂತಿತು.

ಜಾಗಾ ಸಿದ್ದರಾಮೇಶಗ ಹೋತು. ಬಸ್ಸಿನ್ಯಾಗ ದುರಗೇಶ ನನ್ನ ತೊಡಿ ಮ್ಯಾಲ ತಲಿ ಇಟ್ಟು ಅತ್ತ. ದೆವ್ವಕ್ಕ ಅಂಜಿ ಅಲ್ಲ. "ಅವನೇ ಬಂದು ಇಳಿಸಬೇಕಿತ್ತೇನಬೇ ಆಯಿ?" ಅಂದ.

ಮರುದಿನ ಅನ್ನಪೂರ್ಣಾ ಇಟಗಿಂದ ಬಂದ ಕೂಡ್ಲೆ ನಾನೂ ದುರಗೇಶನೂ ಹೋಗಿ, ಆಕಿ ಕಾಲು ಹಿಡಿದು ಹಲಗಿ ಕೊಟ್ಟು ಬಂದ್ವಿ. ಆಕಿ ಸೀರಿ ಮುಗಿಸಿದ್ಳು, ಕಾಯಿ ಒಡದ್ಳು.

ಆಮ್ಯಾಲ ನಾ ಸಾಸಿವಿ ತುಂಬಬೇಕಂತ ನನ್ನ ಡಬ್ಬಿ ಬಿಚ್ಚಿದೆ. ಒಳಗ ಒಂದ ಒಂದು ಬೆಸಿಗಿ ಇರಲಿಲ್ಲ. ಎಲ್ಲಾ ವಾಯರಿಗೂ ಗಂಟು. ಕಡದ ಎಳಿಗೆ ನೇಕಾರರು ಹಾಕ್ತಾರಲ್ಲ, ಸಾಸಿವಿ ಕಾಳಿನಷ್ಟು ಸಣ್ಣ ಗಂಟು, ಅದ. ಎಡಕ್ಕ ತಿರುವಿದ್ದು. ದುರಗೇಶಗ ಅದು ಬರಂಗಿಲ್ಲ. ಎಡಕ್ಕ ತಿರುವಿ ಹಾಕಾಕಿ ನಮ್ಮ ಓಣ್ಯಾಗ ಬಾಳವ್ವ ಒಬ್ಬಾಕಿ. ಮೂವತ್ತು ವರ್ಷ ಆಕಿ ಬಾಜೂ ಕುಂತು, ಹೊಟ್ಟಿ ಉರಕೊಂಡು ನೋಡೀನಿ ನಾ, ನನಗ ಕಲಿಸಲಿಲ್ಲ ಆಕಿ.

ಖರೇ ಹೇಳ್ತೀನ್ರಿ. ಎಣಿಸೀನಿ. ಹದಿನೇಳು ಬೆಸಿಗಿ ಇದ್ದಲ್ಲಿ ಹದಿನೇಳು ಗಂಟು.